ಯಾವುದಕ್ಕೂ ಇಲ್ಲದ ಸ್ವಿಚ್: ಒಂದು ಇಂಗುಬಾವಿ ತೋಡುವ ಮುಂಚಿನ ಎರಡು ದಿನ

ಕೆಲಸ ಸಣ್ಣದು. ಬೆಂಗಳೂರಿನ ಬನಶಂಕರಿ ಎರಡನೇ ಹಂತದಲ್ಲಿ 40×60 ಸೈಟಿನ ಒಂದು ಹಳೇ ಮನೆ. ಅದರ ಮುಂದಿನ ಅಂಗಳದಲ್ಲಿ 3 ಅಡಿ ಅಗಲ, 20 ಅಡಿ ಆಳದ ಇಂಗುಬಾವಿ ತೋಡಿ, ತಾರಸಿಯ ಮಳೆನೀರಿನ ಪೈಪನ್ನು ಅದಕ್ಕೆ ಸೇರಿಸಬೇಕು. ಬಾವಿ ತೋಡುವವರಿಗೆ ಎರಡು ಮೂರು ದಿನದ ಕೆಲಸ, ಅಷ್ಟೇ. ಅದಕ್ಕೂ ಮೊದಲು ಎರಡು ದಿನ ನಾನು ಯಾರಿಗೂ ಗುದ್ದಲಿ ಎತ್ತಲು ಬಿಡಲಿಲ್ಲ.

2024ರ ಮಾರ್ಚ್ ತಿಂಗಳು ನೆನಪಿದೆಯಲ್ಲ? ಊರಿನ ಬೋರ್‌ವೆಲ್‌ಗಳು ಒಂದೊಂದಾಗಿ ಕೈಕೊಟ್ಟವು. ಟ್ಯಾಂಕರ್ ನೀರಿಗೆ ಸರದಿ ಹಚ್ಚಿದ್ದೆವು. ಈ ಮನೆಯ ಬೋರೂ ಆಗಲೇ ನಿಂತಿದ್ದು. ಮನೆಯವರು ನಿವೃತ್ತ ಶಾಲಾ ಶಿಕ್ಷಕಿ, ಒಬ್ಬರೇ ಇರುತ್ತಾರೆ. ಬೀದಿಗೆಲ್ಲ ಅವರು ಟೀಚರಮ್ಮ. "ಈ ಸಲದ ಮಳೆ ಚರಂಡಿಗೆ ಹೋಗಬಾರದಪ್ಪಾ" ಎಂದು ಏಪ್ರಿಲ್‌ನಲ್ಲಿ ಫೋನ್ ಮಾಡಿದ್ದರು. ನಾನು ಪ್ಲಂಬಿಂಗ್, ಸಂಪ್ ರಿಪೇರಿ, ಮಳೆನೀರು ಕೊಯ್ಲು ಮಾಡಿಸುವ ಸಣ್ಣ ಕಂಟ್ರಾಕ್ಟರ್. ಮೇ ಎರಡನೇ ವಾರ ಹೋದೆ.

ಬಾವಿ ತೋಡುವ ಮೇಸ್ತ್ರಿ ಸರ್ಜಾಪುರದ ಕಡೆಯವರು. ಅಪ್ಪ, ತಾತ ಎಲ್ಲ ಬಾವಿ ತೋಡಿದವರೇ. ಅಂಗಳ ನೋಡಿದವರೇ, "ಮಣ್ಣು ಚೆನ್ನಾಗಿದೆ ಸಾರ್, ನಾಳೆ ಬೆಳಿಗ್ಗೆ ಕೈ ಹಾಕೋಣ" ಅಂದರು. ನಾನು ಬೇಡ ಅಂದೆ. ಅದಕ್ಕೆ ನನ್ನದೇ ಒಂದು ಹಳೇ ತಪ್ಪು ಕಾರಣ. ಕೆಲವು ವರ್ಷಗಳ ಹಿಂದೆ ಇನ್ನೊಂದು ಬಡಾವಣೆಯಲ್ಲಿ ಗೇಟಿನ ಪಕ್ಕ ಗುಂಡಿ ತೆಗೆಸುವಾಗ ಕಾವೇರಿ ನೀರಿನ ಅರ್ಧ ಇಂಚಿನ ಪೈಪನ್ನು, ಅದನ್ನು ಬೀದಿಯ ದೊಡ್ಡ ಪೈಪಿಗೆ ಸೇರಿಸುವ ಫೆರೂಲ್ ಸಮೇತ ಕಿತ್ತಿದ್ದೆ. ಅವತ್ತು ಆ ಬೀದಿಗೆ ನೀರು ಬಿಡುವ ದಿನ. ಬಿಂದಿಗೆ ಹಿಡಿದು ನಿಂತ ಹೆಂಗಸರು ನನಗೆ ಏನೇನು ಅಂದರು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಜಾಗ

ಮನೆ 1984ರದು, ಪೂರ್ವ ದಿಕ್ಕಿನದು. ರಸ್ತೆಯಲ್ಲಿ ನಿಂತು ಮನೆ ನೋಡಿದರೆ ಎಡಗಡೆ ದಕ್ಷಿಣ, ಬಲಗಡೆ ಉತ್ತರ. ಮನೆಯ ಗೋಡೆಯಿಂದ ಕಾಂಪೌಂಡಿಗೆ 16 ಅಡಿ. ಎಡಕ್ಕೆ ಗೇಟು, ಕಾರು ನಿಲ್ಲಿಸುವ ಪೋರ್ಟಿಕೊ. ಉಳಿದದ್ದು ಹುಲ್ಲು, ಕಾಂಪೌಂಡಿನ ಹತ್ತಿರ ಒಂದು ಸಂಪಿಗೆ ಮರ.

ಇಂಥ ಮನೆಯಲ್ಲಿ ಹಿತ್ತಿಲು ಅಗೆಯುವುದು ಸುಲಭ, ಅಂಗಳ ಅಗೆಯುವುದು ಕಷ್ಟ. ಮನೆಗೆ ಬರುವುದೆಲ್ಲ ರಸ್ತೆಯಿಂದ ಬರುತ್ತದೆ. ಹೋಗುವುದೂ ರಸ್ತೆಗೇ. ನೀರು, ಕರೆಂಟು, ಗ್ಯಾಸು, ಸ್ಯಾನಿಟರಿ ಎಲ್ಲವೂ ಈ 16 ಅಡಿಯನ್ನು ದಾಟಲೇಬೇಕು.

ಹಳೇ ಮನೆಗೆ ನಕ್ಷೆ ಇರುತ್ತದೆ, ಆದರೆ ಅದರಲ್ಲಿ ಪೈಪು ಇರುವುದಿಲ್ಲ. ಟೀಚರಮ್ಮ ಕಬ್ಬಿಣದ ಪೆಟ್ಟಿಗೆಯಿಂದ ತೆಗೆದುಕೊಟ್ಟ ಪ್ಲಾನಿನಲ್ಲೂ ಕೋಣೆ, ಕಿಟಕಿ, ಮೆಟ್ಟಿಲು ಬಿಟ್ಟರೆ ಬೇರೇನೂ ಇರಲಿಲ್ಲ. ಆಗ ಸಹಾಯಕ್ಕೆ ಬಂದಿದ್ದು ವಾಸ್ತು. ನಂಬುವುದು ಬಿಡುವುದು ನಿಮ್ಮಿಷ್ಟ. ಕಟ್ಟಿಸಿದವರು ನಂಬಿದ್ದರು, ನನಗೆ ಅಷ್ಟು ಸಾಕು. ಈಶಾನ್ಯದಲ್ಲಿ ಸಂಪು ಮತ್ತು ಬೋರು, ಅಂದರೆ ನೀರಿನ ಲೈನು ಬಲಕ್ಕೆ ಹೋಗಿರಬೇಕು. ಆಗ್ನೇಯದಲ್ಲಿ ಅಡುಗೆಮನೆ, ಅಂದರೆ ಗ್ಯಾಸ್ ಎಡಕ್ಕೆ. ಬಚ್ಚಲುಗಳು ದಕ್ಷಿಣದ ಓಣಿಗೆ, ಚೇಂಬರುಗಳೂ ಅಲ್ಲೇ. ಒಂದು ಗಂಟೆಯಲ್ಲಿ ಅರ್ಧ ಚಿತ್ರ ಸಿಕ್ಕಿತು.

ಟೀಚರಮ್ಮನಿಗೆ ಬಾವಿಯೂ ಈಶಾನ್ಯದಲ್ಲೇ ಬೇಕಿತ್ತು. ಸಂಪಿನ ಗೋಡೆಗೆ ಒತ್ತಿಕೊಂಡು ಇಪ್ಪತ್ತಡಿ ಗುಂಡಿ ತೆಗೆದರೆ ಸಂಪೇ ಬಿರುಕು ಬಿಡಬಹುದು ಎಂದು ಒಪ್ಪಿಸಿದೆ. ಹುಲ್ಲಿನ ನಡುವೆ, ಸಂಪಿನಿಂದ 10 ಅಡಿ, ಮನೆಯ ಗೋಡೆಯಿಂದ 9 ಅಡಿ ದೂರದಲ್ಲಿ ಒಂದು ಗೂಟ ಹೊಡೆದೆವು.

ನ್ಯೂಜೆರ್ಸಿಯ ಫೋನು, ರಂಗೋಲಿ ಡಬ್ಬ

ಗೂಟ ಹೊಡೆಯುವ ಹೊತ್ತಿಗೆ ಸರಿಯಾಗಿ ಟೀಚರಮ್ಮನ ಮಗ ನ್ಯೂಜೆರ್ಸಿಯಿಂದ ವಿಡಿಯೋ ಕಾಲ್ ಮಾಡಿದರು. ಅಲ್ಲಿ ರಾತ್ರಿ. "ಅಮ್ಮಾ, ಲೈನ್ ಮಾರ್ಕ್ ಮಾಡ್ಸಿದ್ರಾ? ಇಲ್ಲಿ ಗಿಡ ನೆಡೋಕೂ 811ಕ್ಕೆ ಫೋನ್ ಮಾಡ್ಬೇಕು."

ನನಗೆ ಅದು ಗೊತ್ತಿತ್ತು. ಅಮೆರಿಕದಲ್ಲಿ 2007ರ ಮೇ ತಿಂಗಳಿಂದ ದೇಶಕ್ಕೆಲ್ಲ 811 ಒಂದೇ ನಂಬರ್. ಅಗೆಯುವ ಕೆಲವು ದಿನ ಮೊದಲು ತಿಳಿಸಿದರೆ ಆಯಾ ಕಂಪನಿಯವರು ಬಂದು ನೆಲದ ಮೇಲೆ ಬಣ್ಣ ಹೊಡೆದು ಹೋಗುತ್ತಾರೆ, ದುಡ್ಡಿಲ್ಲ. ಕರೆಂಟಿಗೆ ಕೆಂಪು, ಗ್ಯಾಸಿಗೆ ಹಳದಿ, ಕುಡಿಯುವ ನೀರಿಗೆ ನೀಲಿ, ಸ್ಯಾನಿಟರಿಗೆ ಹಸಿರು, ಫೋನ್ ಮತ್ತು ಇಂಟರ್ನೆಟ್ ಕೇಬಲ್ಲಿಗೆ ಕಿತ್ತಳೆ. ಅಗೆಯುವ ಜಾಗಕ್ಕೆ ಬಿಳಿ.

ನಮ್ಮಲ್ಲೂ 2023ರ ಮಾರ್ಚ್ 22ರಂದು ಕೇಂದ್ರ ಸರ್ಕಾರ 'ಕಾಲ್ ಬಿಫೋರ್ ಯು ಡಿಗ್' ಅನ್ನುವ ಆ್ಯಪ್ ಬಿಟ್ಟಿದೆ. ಕಂಡಲ್ಲಿ ಅಗೆದು ವರ್ಷಕ್ಕೆ ಸುಮಾರು 10 ಲಕ್ಷ ಸಲ ಆಪ್ಟಿಕಲ್ ಫೈಬರ್ ಕತ್ತರಿಸಿಹೋಗುತ್ತದೆ, 3,000 ಕೋಟಿ ರೂಪಾಯಿ ನಷ್ಟ ಎಂದು ಆಗ ಸರ್ಕಾರವೇ ಹೇಳಿತ್ತು. ಅಗೆಯುವವರು ಆ್ಯಪಿನಲ್ಲಿ ತಿಳಿಸಿದರೆ ಅಲ್ಲಿ ಲೈನ್ ಇರುವ ಸಂಸ್ಥೆಗಳಿಗೆ ಸುದ್ದಿ ಹೋಗುತ್ತದೆ. ರಸ್ತೆ ಅಗೆಯುವ ಕಂಟ್ರಾಕ್ಟರಿಗೆ ಒಳ್ಳೇ ವ್ಯವಸ್ಥೆ. ಕಾಂಪೌಂಡಿನ ಒಳಗೆ ಮನೆಯವರೇ ಹಾಕಿಸಿಕೊಂಡ ಪೈಪು ಅದರಲ್ಲಿ ಕಾಣುವುದಿಲ್ಲ. ಅಮೆರಿಕದಲ್ಲೂ ಅಷ್ಟೇ. ಮೀಟರಿನಿಂದ ಈಚೆ ಮನೆಯವರದ್ದೇ ಲೈನು, 811ರವರು ಅದಕ್ಕೆ ಬಣ್ಣ ಹೊಡೆಯುವುದಿಲ್ಲ. ಇದನ್ನು ಹೇಳಿದಾಗ ಮಗ ಸ್ವಲ್ಪ ಹೊತ್ತು ಸುಮ್ಮನಾದರು. ಅವರ ಹಿತ್ತಿಲಲ್ಲೂ ಸ್ಪ್ರಿಂಕ್ಲರ್ ಪೈಪು ಇದೆಯಂತೆ.

ಆದರೆ ಆ ಬಣ್ಣದ ಉಪಾಯ ಚೆನ್ನಾಗಿದೆ ಅಲ್ವಾ? ಟೀಚರಮ್ಮ ಒಳಗೆ ಹೋಗಿ ರಂಗೋಲಿ ಡಬ್ಬ ತಂದರು. ಐದೂ ಬಣ್ಣ ಇತ್ತು. "ಸಂಕ್ರಾಂತಿಗೆ ತಂದಿದ್ದು ಇನ್ನೂ ಹಾಗೇ ಇದೆ" ಅಂದು ಬಿಳಿ ಪುಡಿ ತೆಗೆದು, ಗೂಟದ ಸುತ್ತ ಒಂದೇ ಎಳೆಯಲ್ಲಿ ನಾಲ್ಕಡಿಯ ವೃತ್ತ ಬಿಟ್ಟರು. ನಾನು ದಾರ ಕಟ್ಟಿ ಎಳೆದಿದ್ದರೂ ಅಷ್ಟು ದುಂಡಗೆ ಬರುತ್ತಿರಲಿಲ್ಲ.

ಮೊದಲ ದಿನ

ಶುರು ಮಾಡಿದ್ದು ಸ್ಯಾನಿಟರಿಯಿಂದ, ಅದು ಸುಲಭ. ಚೇಂಬರಿನಿಂದ ಚೇಂಬರಿಗೆ ಪೈಪು ನೇರವಾಗಿ ಹೋಗುತ್ತದೆ. ತಿರುವು ಬೇಕಾದಲ್ಲೇ ಚೇಂಬರ್ ಕಟ್ಟುವುದು. ಓಣಿಯ ಮೂರು ಮುಚ್ಚಳ ಎಬ್ಬಿಸಿ, ಬಕೆಟ್ ನೀರಿಗೆ ಬಟ್ಟೆಗೆ ಹಾಕುವ ನೀಲಿ ಕಲಸಿ ಮೊದಲನೆಯದಕ್ಕೆ ಸುರಿದೆವು. ಎರಡನೆಯದರಲ್ಲಿ, ಮೂರನೆಯದರಲ್ಲಿ, ಆಮೇಲೆ ರಸ್ತೆಯ ಮ್ಯಾನ್‌ಹೋಲಿನಲ್ಲಿ ನೀಲಿ ಕಂಡಿತು. ಹಸಿರು ಪುಡಿಯ ಗೆರೆ ಎಡಗಡೆಯೇ ಮುಗಿಯಿತು. ಬಾವಿಗೆ ಬಹಳ ದೂರ. ಇಂಗುಬಾವಿಗೆ ಇದು ತುಂಬ ಮುಖ್ಯ. ಹಳೇ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪಿನ ಜಾಯಿಂಟುಗಳು ಸೋರುತ್ತವೆ, ಸೋರಿದ್ದು ಬಾವಿಗೆ ಬಂದರೆ ಕಥೆ ಮುಗಿಯಿತು.

ಗ್ಯಾಸಿಗೆ ಮೀಟರ್ ಪಕ್ಕದ ಸ್ಟಿಕ್ಕರಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅವರ ಹುಡುಗ ಮಧ್ಯಾಹ್ನವೇ ಬಂದು ಎಡಗಡೆ ಗೋಡೆಗುಂಟ ಕೈ ತೋರಿಸಿದ. ಅದು ಪ್ಲಾಸ್ಟಿಕ್ ಪೈಪು, ಲೋಹ ಹುಡುಕುವ ಯಾವ ಯಂತ್ರಕ್ಕೂ ಸಿಕ್ಕುವುದಿಲ್ಲ. ಹಾಗಾಗಿ ಹಾಕಿದವರನ್ನೇ ಕೇಳುವುದು ಸರಿ. ಬೆಸ್ಕಾಂ ಲೈನ್‌ಮನ್ ಕಂಬದಿಂದ ಮೀಟರ್ ಬೋರ್ಡಿಗೆ ಬರುವ ಕೇಬಲ್ ತೋರಿಸಿದರು. ಅದೂ ಪೋರ್ಟಿಕೊ ಕಡೆಗೇ. ಹೋಗುವಾಗ, "ಮೀಟರ್‌ವರೆಗೆ ನಮ್ದು, ಆಮೇಲಿಂದು ನಿಮ್ದು ನೀವೇ ನೋಡ್ಕೊಬೇಕು" ಅಂದರು.

ಕಾವೇರಿ ಲೈನು ಮಾತ್ರ ಆಟವಾಡಿಸಿತು. ಮೀಟರು ಗೇಟಿನ ಹತ್ತಿರ, ಸಂಪು ಬಲ ಮೂಲೆಯಲ್ಲಿ. ಕಾಂಪೌಂಡಿನಿಂದ ಎರಡಡಿ ಒಳಗೆ ನೇರ ಹೋಗಿರುತ್ತದೆ ಅಂದುಕೊಂಡಿದ್ದೆ. ಇದಕ್ಕೆ ಪ್ಲಂಬರುಗಳ ಹಳೇ ವಿದ್ಯೆ ಒಂದಿದೆ. ನೀರು ಬಿಟ್ಟಾಗ ನಾಲ್ಕಡಿ ಕಬ್ಬಿಣದ ಸರಳನ್ನು ನೆಲಕ್ಕೆ ಚುಚ್ಚಿ, ಮೇಲ್ತುದಿಗೆ ಕಿವಿ ಕೊಡುವುದು. ಪೈಪಿನ ಹತ್ತಿರ ಹೋದಂತೆ 'ಸುಯ್' ಅನ್ನುವ ಸದ್ದು ಜಾಸ್ತಿಯಾಗುತ್ತದೆ. ಆದರೆ ಅವತ್ತು ನೀರಿನ ದಿನವಲ್ಲ. ಹಾಗಾಗಿ ಗೆಳೆಯನೊಬ್ಬನಿಂದ ಕೇಬಲ್ ಲೊಕೇಟರ್ ಬಾಡಿಗೆಗೆ ತಂದಿದ್ದೆ.

ಈ ಯಂತ್ರ ಎರಡು ಭಾಗ. ಒಂದು ಸಣ್ಣ ಪೆಟ್ಟಿಗೆ, ಅದರ ಕ್ಲಿಪ್ಪನ್ನು ಲೋಹದ ಪೈಪಿಗೋ ತಂತಿಗೋ ಹಾಕಿದರೆ ಅದರೊಳಗೆ ಒಂದು ಸಿಗ್ನಲ್ ಕಳಿಸುತ್ತದೆ. ಇನ್ನೊಂದು ಕೋಲಿನಂಥದ್ದು. ಅದನ್ನು ಹಿಡಿದು ನೆಲದ ಮೇಲೆ ಓಡಾಡಿದರೆ ಸಿಗ್ನಲ್ ಇರುವಲ್ಲಿ ಕೂಗುತ್ತದೆ. ಸಣ್ಣ ಪೆಟ್ಟಿಗೆ ಇಲ್ಲದೆ ಬರೀ ಕೋಲನ್ನೇ ಇಟ್ಟುಕೊಂಡು ಕರೆಂಟ್ ಕೇಬಲ್ ಹುಡುಕುವ ಮೋಡೂ ಇದೆ. ಮೀಟರ್ ಪಕ್ಕದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಕ್ಲಿಪ್ ಹಾಕಿ ನಡೆದೆ. ಹತ್ತಡಿ ನೇರ ಹೋಯಿತು. ಸಂಪಿಗೆ ಮರ ಬಂತು. ಕೋಲು ಸುಮ್ಮನಾಯಿತು.

ಎಡಬಲ ಆಡಿಸಿದರೆ ಲೈನು ಮನೆಯ ಕಡೆಗೆ ತಿರುಗಿ, ಮರವನ್ನು ಬಳಸಿ, ಮತ್ತೆ ಕಾಂಪೌಂಡಿಗೆ ಹೋಗಿತ್ತು. ಟೀಚರಮ್ಮ ಹಣೆ ಚಚ್ಚಿಕೊಂಡರು. "ಹೌದಪ್ಪಾ, ಬೇರು ಪೈಪನ್ನ ಒತ್ತಿ ಒಡೆದುಹಾಕಿತ್ತು. ಮರ ಕಡಿಯೋದು ಬೇಡ ಅಂತ ನಮ್ಮ ಯಜಮಾನರೇ ಪೈಪನ್ನ ಸುತ್ತಿಸಿ ಹಾಕ್ಸಿದ್ರು." ನೀಲಿ ಗೆರೆ ಬಿಟ್ಟು ನೋಡಿದರೆ ಬಿಳಿ ವೃತ್ತಕ್ಕೂ ಅದಕ್ಕೂ ಅರ್ಧ ಅಡಿ ಅಂತರ. ಬಾವಿಯನ್ನು ಎಡಕ್ಕೆ ಮೂರಡಿ ಜರುಗಿಸಿದೆವು. ಟೀಚರಮ್ಮ ಹಳೇ ವೃತ್ತ ಅಳಿಸಿ ಹೊಸದು ಬಿಟ್ಟರು.

ಕೊನೆಗೆ ಬರೀ ಕೋಲು ಹಿಡಿದು ಇಡೀ ಹುಲ್ಲನ್ನು ಉದ್ದಕ್ಕೂ ಅಡ್ಡಕ್ಕೂ ಸೋಸಿದೆ. ಪೋರ್ಟಿಕೊ ಹತ್ತಿರ ಬೆಸ್ಕಾಂ ಕೇಬಲ್ ಮೇಲೆ ಕೂಗಿತು. ವೃತ್ತದ ಮೇಲೆ ಸದ್ದಿಲ್ಲ. "ತೋಟದಲ್ಲಿ ಬೇರೆ ವೈರ್ ಇದೆಯಾ ಅಮ್ಮಾ?" ಅಂದೆ. "ಇಲ್ಲಪ್ಪ, ಏನೂ ಇಲ್ಲ." ಮೇಸ್ತ್ರಿ ನನ್ನ ಮುಖ ನೋಡಿದರು. ನಾಳೆ ಶುರು ಮಾಡೋಣ ಅಂದುಬಿಟ್ಟೆ.

ಎರಡನೇ ದಿನ, ಕಾಫಿ

ಮೇಸ್ತ್ರಿ ಮತ್ತು ಹುಡುಗರು ಹಾರೆ, ಪಿಕಾಸಿ, ಬಾಂಡ್ಲಿ ಇಳಿಸುತ್ತಿದ್ದರು. ಟೀಚರಮ್ಮ ಕಾಫಿಗೆ ಒಳಗೆ ಕರೆದರು. ಹಾಲಿನಲ್ಲಿ ಸೆಕೆ. ಫ್ಯಾನ್ ಹಾಕೋಣ ಎಂದು ಬಾಗಿಲ ಪಕ್ಕದ ಬೋರ್ಡಿಗೆ ಕೈ ಹಾಕಿದೆ. ಕಪ್ಪು ಬೇಕಲೈಟ್ ಸ್ವಿಚ್ಚುಗಳು, ಆರು. ಕೊನೆಯದು ಕೆಳಗೇ ಇತ್ತು, ಅಂದರೆ ಆನ್. ಮೇಲೆತ್ತಿ ಮತ್ತೆ ಕೆಳಗೆ ಒತ್ತಿದೆ. ಫ್ಯಾನೂ ತಿರುಗಲಿಲ್ಲ, ದೀಪವೂ ಹತ್ತಲಿಲ್ಲ.

"ಅದು ಬಿಡಪ್ಪಾ, ಅದು ಯಾವುದಕ್ಕೂ ಇಲ್ಲ" ಅಂದರು ಟೀಚರಮ್ಮ.

ಹಳೇ ಮನೆಗಳಲ್ಲಿ ಇಂಥದ್ದೊಂದು ಸ್ವಿಚ್ ಇದ್ದೇ ಇರುತ್ತದೆ. ನಮ್ಮ ಅತ್ತೆಮನೆಯಲ್ಲೂ ಇದೆ. ಮಕ್ಕಳು ಬಂದಾಗ ಟಕಟಕ ಆಡಿಸುತ್ತಾರೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅವತ್ತು ಮಾತ್ರ ನನ್ನ ಬಾಯಿಂದ ಪ್ರಶ್ನೆ ಬಂತು. "ಮೊದಲು ಯಾವುದಕ್ಕಿತ್ತು?"

ಟೀಚರಮ್ಮ ಲೋಟ ಕೆಳಗಿಟ್ಟು ಯೋಚಿಸಿದರು. "ಮೊದಲು... ಗೇಟ್ ಲೈಟಿಗೆ ಅನ್ಸತ್ತೆ. ಆಗ ಗೇಟು ಮಧ್ಯದಲ್ಲಿತ್ತು. ಎರಡು ಕಂಬ, ಮೇಲೆ ಗುಂಡು ದೀಪ. 2003ರಲ್ಲಿ ಕಾರು ತಗೊಂಡಾಗ ಗೇಟನ್ನ ಆ ಕಡೆಗೆ ಹಾಕಿಸಿ, ಕಂಬ ಒಡೆಸಿದ್ವಿ."

ಕಂಬ ಒಡೆಸಿದರು. ವೈರು?

ಹೊರಗೆ ಓಡಿ ಮೇಸ್ತ್ರಿಗೆ ತಡೀರಿ ಅಂದೆ. ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆಸಿ ಬೋರ್ಡ್ ಬಿಚ್ಚಿಸಿದೆ. ಆರನೇ ಸ್ವಿಚ್ಚಿನಿಂದ ಅಲ್ಯುಮಿನಿಯಂ ವೈರೊಂದು ಗೋಡೆಯೊಳಗೆ ಕೆಳಗಿಳಿದಿತ್ತು. ಟೆಸ್ಟರ್ ಇಟ್ಟರೆ ಕೆಂಪಗೆ ಹತ್ತಿಕೊಂಡಿತು. ಹಾಗಾದರೆ 21 ವರ್ಷದಿಂದ ಆ ಸ್ವಿಚ್ ಕೆಳಗಿದ್ದಾಗಲೆಲ್ಲ ಅಂಗಳದ ಅಡಿಯಲ್ಲಿ ಎಲ್ಲೋ ಒಂದು ಕಡಿದ ವೈರಿನ ತುದಿಯವರೆಗೆ 230 ವೋಲ್ಟ್ ಹೋಗಿ ನಿಲ್ಲುತ್ತಿತ್ತು.

ಹಿಂದಿನ ದಿನ ಲೊಕೇಟರ್ ಯಾಕೆ ಕೂಗಲಿಲ್ಲ? ಯಂತ್ರದ ತಪ್ಪಲ್ಲ, ನನ್ನದು. ಕರೆಂಟ್ ಇರುವುದು ಬೇರೆ, ಹರಿಯುವುದು ಬೇರೆ. ಬರೀ ಕೋಲಿನ ಮೋಡು ಹಿಡಿಯುವುದು ಹರಿಯುವ ಕರೆಂಟಿನ ಸುತ್ತ ಹುಟ್ಟುವ ಅಯಸ್ಕಾಂತ ಕ್ಷೇತ್ರವನ್ನು. ಬೆಸ್ಕಾಂ ಕೇಬಲ್ಲಿನಲ್ಲಿ ಫ್ರಿಜ್ಜಿಗೆ ಹೋಗುವ ಕರೆಂಟು ಹರಿಯುತ್ತಿತ್ತು, ಕೂಗಿತು. ಈ ವೈರಿನ ಕೊನೆಯಲ್ಲಿ ದೀಪವೇ ಇಲ್ಲ, ಹರಿಯಲು ದಾರಿಯಿಲ್ಲ. ಸುಮ್ಮನೆ ಕಾದು ಕೂತ ಕರೆಂಟು ಅದು. ಆ ಮೋಡಿನಲ್ಲಿ ಕೋಲು ಸುಮ್ಮನಿದ್ದರೆ 'ಹರಿಯುವ ಕರೆಂಟ್ ಸಿಕ್ಕಲಿಲ್ಲ' ಎಂದಷ್ಟೇ ಅರ್ಥ. ನಾನು ಅದನ್ನು 'ಕೇಬಲ್ ಇಲ್ಲ' ಎಂದು ಓದಿಕೊಂಡಿದ್ದೆ.

ಮೇನ್ ಆಫ್ ಮಾಡಿ, ಆ ವೈರನ್ನು ಸ್ವಿಚ್ಚಿನಿಂದ ಬಿಡಿಸಿ, ಲೊಕೇಟರಿನ ಕ್ಲಿಪ್ ಅದಕ್ಕೆ ಹಾಕಿ, ಇನ್ನೊಂದು ಕ್ಲಿಪ್ಪನ್ನು ಹೊರಗೆ ನೆಲಕ್ಕೆ ಹೊಡೆದ ಕಬ್ಬಿಣದ ಗೂಟಕ್ಕೆ ಹಾಕಿದೆವು. ಈಗ ಕೋಲು ಕೂಗಿತು. ಗೋಡೆಯಿಂದ ಹೊರಟು, ಹುಲ್ಲು ದಾಟಿ, ಹಳೇ ಗೇಟಿದ್ದ ಜಾಗದ ಕಡೆಗೆ ನೇರ ಗೆರೆ. ಕೆಂಪು ಪುಡಿ ಹಿಡಿದು ನನ್ನ ಹಿಂದೆಯೇ ಬರುತ್ತಿದ್ದ ಟೀಚರಮ್ಮ ವೃತ್ತದ ಹತ್ತಿರ ನಿಂತರು. ಗೆರೆ ಬಿಳಿ ವೃತ್ತವನ್ನು ಸರಿಯಾಗಿ ನಡುವೆ ಸೀಳಿತ್ತು. ಹಿಂದಿನ ದಿನ ಗೂಟ ಇದ್ದಲ್ಲೇ ಬಿಟ್ಟಿದ್ದರೆ ವೈರು ವೃತ್ತದ ಆಚೆಗೇ ಉಳಿಯುತ್ತಿತ್ತು. ನೀರಿನ ಪೈಪಿಗೆ ಹೆದರಿ ಬಾವಿಯನ್ನು ವೈರಿನ ಮೇಲೇ ತಂದು ಇಟ್ಟವನು ನಾನೇ.

ಅಗೆತ

ವೈರು ಈಗ ಸತ್ತಿತ್ತು. ಆದರೂ ಮೊದಲ ಎರಡಡಿ ಪಿಕಾಸಿ, ಹಾರೆ ಬೇಡ, ಬರೀ ಸಲಿಕೆಯಲ್ಲಿ ಕೆರೆಯಿರಿ ಅಂದೆ. ಕೆಂಪು ಗೆರೆಗೆ ಅಡ್ಡವಾಗಿ ಒಂದಡಿ ಅಗಲದ ಕಾಲುವೆ ತೆಗೆಯಲು ಶುರು ಮಾಡಿದರು.

ಮೇಸ್ತ್ರಿ ಮಣ್ಣು ನೋಡುವುದನ್ನು ನೋಡಬೇಕು. ಅಂಗೈಯಗಲ ಹುಲ್ಲು ಕೆರೆದು, ಕಾಲುವೆಯ ಬದಿಯನ್ನು ಸಲಿಕೆಯಲ್ಲಿ ನುಣ್ಣಗೆ ಸವರಿ, ಕೂತು ನೋಡಿದರು. ಎರಡೂ ಕಡೆ ಒಂದೇ ಬಣ್ಣದ ಗಟ್ಟಿ ಕೆಂಪು ಮಣ್ಣು. ನಡುವೆ ಮುಕ್ಕಾಲು ಅಡಿ ಅಗಲದಲ್ಲಿ ಬಣ್ಣ ಕಲಸಿಹೋಗಿತ್ತು. ಇಟ್ಟಿಗೆ ಚೂರು, ಸುಣ್ಣದ ಬಿಳಿ ಚುಕ್ಕೆ. "ಇದು ತುಂಬಿದ ಮಣ್ಣು ಸಾರ್. ಯಾರೋ ಮೊದಲೇ ಅಗೆದು ಮುಚ್ಚಿದಾರೆ." ಬೆರಳಲ್ಲಿ ಕೆದಕಿದರು. ಒಂದಡಿ ಆಳದಲ್ಲಿ ಕಪ್ಪು ಆಲ್ಕಥೀನ್ (ಒಂದು ಬಗೆಯ ಪ್ಲಾಸ್ಟಿಕ್) ಪೈಪು, ಒಳಗೆ ಎರಡು ವೈರು. ಕೇಬಲ್ ಹೂಳುವ ಭಾರತೀಯ ಮಾನಕ ಲೋ ಟೆನ್ಷನ್ (ಕಡಿಮೆ ವೋಲ್ಟೇಜಿನ) ಕೇಬಲ್ಲಿಗೂ 75 ಸೆಂಟಿಮೀಟರ್ ಆಳ ಹೇಳುತ್ತದೆ. ಮೇಲೆ ಇಟ್ಟಿಗೆಯ ಸಾಲೋ ಎಚ್ಚರಿಕೆಯ ಟೇಪೋ ಇದ್ದರೆ ಅಗೆಯುವವನಿಗೆ ಮೊದಲೇ ಗೊತ್ತಾಗುತ್ತದೆ. ಇಲ್ಲಿ ಎರಡೂ ಇಲ್ಲ. ಆಲ್ಕಥೀನ್ ಪೈಪು ಬಿಸಿಲಿಗೆ ಇಟ್ಟ ಹಪ್ಪಳದಂತೆ ಸೀಳಿಹೋಗಿತ್ತು.

ಹಾರೆ ಅದಕ್ಕೆ ತಾಗಿದ್ದರೆ? ಈ ಮನೆಯಲ್ಲಿ ಇನ್ನೂ ಕಿಟ್‌ಕ್ಯಾಟ್ ಫ್ಯೂಸ್, ಪಿಂಗಾಣಿ ಹಿಡಿಯಲ್ಲಿ ತಂತಿ ಕಟ್ಟುವ ಹಳೇ ಥರದ್ದು. ಫ್ಯೂಸ್ ಕರಗಲು ಹಲವು ಆಂಪಿಯರ್ ಹರಿಯಬೇಕು. ಮನುಷ್ಯನ ಜೀವ ತೆಗೆಯಲು ಅಷ್ಟು ಬೇಡ, ಅದರ ಸಣ್ಣ ಚೂರು ಸಾಕು. 30 ಮಿಲಿಆಂಪಿಯರ್ ಸೋರಿದರೂ ಕಟ್ ಆಗುವ ಆರ್‌ಸಿಸಿಬಿ ಇದ್ದಿದ್ದರೆ ಒಂದು ಮಾತು. ಅದನ್ನು ಅವತ್ತು ಸಂಜೆಯೇ ಹಾಕಿಸಿದೆವು. ಟೀಚರಮ್ಮ ಬೆಲೆ ಕೇಳಲಿಲ್ಲ.

ವೈರು ಎಳೆದು ಹೊರಹಾಕಿದ ಮೇಲೆ ಬಾವಿಯ ಜಾಗ ಬದಲಿಸುವ ಅಗತ್ಯ ಬೀಳಲಿಲ್ಲ. ನಾನು ನಿರಾಳವಾಗಿ ಪಕ್ಕಕ್ಕೆ ಬಂದು ನಿಂತೆ. ಹತ್ತು ನಿಮಿಷಕ್ಕೆ 'ಪಟ್' ಅಂತು, ಮೇಸ್ತ್ರಿಯ ಮುಖಕ್ಕೆ ನೀರು ಚಿಮ್ಮಿತು.

ತೋಟದ ನಲ್ಲಿ! ಎರಡು ದಿನ ಅದರ ಪಕ್ಕದಲ್ಲೇ ಓಡಾಡಿದ್ದೆ. ಅದರಲ್ಲೇ ಕೈ ತೊಳೆದಿದ್ದೆ. ಈ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಒಂದು ಸಲವೂ ಕೇಳಿರಲಿಲ್ಲ. ಅರ್ಧ ಇಂಚಿನ ಪಿವಿಸಿ, ಹುಲ್ಲಿನ ಬೇರಿನ ಕೆಳಗೆ ಆರೇ ಇಂಚಿನಲ್ಲಿ, ಮೂಲೆಗೆ ಓರೆಯಾಗಿ ಹೋಗಿತ್ತು. ಪ್ಲಾಸ್ಟಿಕ್, ಲೊಕೇಟರಿಗೆ ಕಾಣದು. ಓವರ್‌ಹೆಡ್ ಟ್ಯಾಂಕಿನ ವಾಲ್ವ್ ಮುಚ್ಚಿ, ಎರಡು ಎಲ್ಬೋ, ಒಂದು ತುಂಡು ಪೈಪು, ಸಾಲ್ವೆಂಟ್ ಹಚ್ಚಿ ವೃತ್ತದ ಆಚೆಯಿಂದ ಸುತ್ತಿಸಿದೆವು. ಅರ್ಧ ಗಂಟೆ ಹೋಯಿತು. ಮೇಸ್ತ್ರಿ ಟವಲಿನಲ್ಲಿ ಮುಖ ಒರೆಸಿಕೊಂಡು, "ಬಾವಿಗೆ ಮುಂಚೆನೇ ನೀರು ಬಂತಲ್ಲ ಸಾರ್" ಅಂದರು. ಹುಡುಗರು ನಕ್ಕರು. ನಾನೂ ನಗಬೇಕಾಯಿತು.

ಇದಾದ ಮೇಲೆ ಕೆಲಸದ ಪುಸ್ತಕದಲ್ಲಿ ಎರಡು ಸಾಲು ಬರೆದುಕೊಂಡೆ. ಅಂಗಳದಲ್ಲಿ ಕಾಣುವ ಪ್ರತಿ ನಲ್ಲಿ, ಪ್ರತಿ ದೀಪಕ್ಕೂ ಇನ್ನೊಂದು ತುದಿ ಎಲ್ಲಿ ಅಂತ ಕೇಳುವುದು. ಒಳಗೆ ಹೋಗಿ, ಸ್ವಿಚ್ಚು ಮತ್ತು ವಾಲ್ವುಗಳಿಗೂ ಅದೇ ಪ್ರಶ್ನೆ. "ಏನೂ ಇಲ್ಲ" ಎಂದವರು ಸುಳ್ಳು ಹೇಳುವುದಿಲ್ಲ. ಕೆಲಸಕ್ಕೆ ಬಾರದ್ದನ್ನು ಅವರು ಎಂದೋ ಮರೆತಿರುತ್ತಾರೆ. "ಏನಾದರೂ ಇದೆಯಾ" ಅನ್ನುವುದಕ್ಕಿಂತ "ಮೊದಲು ಏನಿತ್ತು" ಎಂದರೆ ಜಾಸ್ತಿ ಸಿಗುತ್ತದೆ.

ಉಳಿದ 18 ಅಡಿ ಮೇಸ್ತ್ರಿಯ ಲೋಕ, ಅಲ್ಲಿ ನನಗೆ ಕೆಲಸವಿಲ್ಲ. ಮೂರನೇ ದಿನ ಸಂಜೆ ಕಾಂಕ್ರೀಟ್ ರಿಂಗು ಇಳಿಸಿ, ತಳಕ್ಕೆ ಜಲ್ಲಿ ಸುರಿದು, ಮೇಲೆ ಕಬ್ಬಿಣದ ಜಾಲರಿ ಮುಚ್ಚಳ ಹಾಕಿ ಬೀಗ ಹಾಕಿದರು. ಟೀಚರಮ್ಮ ರಂಗೋಲಿ ಗೆರೆಗಳು ಅಳಿಯುವ ಮುಂಚೆ ಅವುಗಳ ಫೋಟೋ ತೆಗೆಸಿ, ಮನೆಯ ಪ್ಲಾನಿನ ಹಿಂಬದಿಗೆ ಅಳತೆ ಸಮೇತ ಅದೇ ಬಣ್ಣದ ಪೆನ್ಸಿಲ್‌ಗಳಲ್ಲಿ ಬರೆದಿಟ್ಟರು. ಮೇಷ್ಟರಿಕೆ ಬುದ್ಧಿ.

ಜೂನ್ 2, ಭಾನುವಾರ. ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳಲ್ಲಿ ಅಂಥ ಮಳೆ 133 ವರ್ಷದಲ್ಲಿ ಬಂದಿರಲಿಲ್ಲ. ಆ ಮನೆಯ ತಾರಸಿಯಲ್ಲಿ 600 ಚದರಡಿಯ ನೀರು ಬಾವಿಗೆ ಬರುತ್ತದೆ. ಲೆಕ್ಕ ಹಾಕಿದರೆ ಅವತ್ತು ಆರು ಸಾವಿರ ಲೀಟರ್ ಆಸುಪಾಸು. ಬಾವಿ ಹಿಡಿಯುವುದು ನಾಲ್ಕು ಸಾವಿರ, ಉಳಿದದ್ದು ಬೀಳುಬೀಳುತ್ತಲೇ ಇಂಗಬೇಕು. ತುಂಬಿ ಹೊರಗೆ ಹರಿದಿರಬಹುದಾ ಎಂದು ರಾತ್ರಿ ಯೋಚಿಸುತ್ತಿರುವಾಗಲೇ ಟೀಚರಮ್ಮನ ಫೋನು ಬಂತು.

"ಮೇಲಿನ ರಿಂಗಿನವರೆಗೂ ಬಂದು ಈಗ ಇಳೀತಾ ಇದೆಯಪ್ಪಾ. ಟಾರ್ಚ್ ಹಾಕಿ ನೋಡಿದೆ."

ಆಮೇಲೆ ಸ್ವಲ್ಪ ತಡೆದು, "ಅಂದಹಾಗೆ, ಮಹಡಿ ಮೇಲೂ ಅಂಥದ್ದೊಂದು ಸ್ವಿಚ್ ಇದೆ. ನಾಳೆ ಆ ಹುಡುಗನ್ನ ಕರ್ಕೊಂಡು ಬಾ" ಅಂದರು.